ಹೊಟ್ಟೆಯುರಿಯ ಬೆಣೆ

ಬಹಳ ಬಹಳ ಹಿಂದೆ, ಬೆಟ್ಟಗಳು ಇನ್ನೂ ಮಾತು ಮರೆಯದಿದ್ದ ಕಾಲದಲ್ಲಿ, ನವಿರುಗಿರಿ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಎಲ್ಲರಿಗೂ ಹೊಟ್ಟೆಯುರಿ. ನಗಬೇಡಿ, ಅದು ನಿಮ್ಮೂರಲ್ಲೂ ಇದೆ, ನಮ್ಮೂರಲ್ಲೂ ಇದೆ. ವ್ಯತ್ಯಾಸ ಇಷ್ಟೇ, ಅಲ್ಲಿಯವರು ಅದನ್ನು ಬಾಯಿಬಿಟ್ಟು ಹೇಳುತ್ತಿದ್ದರು.

ಅದಕ್ಕೊಂದು ಕಾರಣವಿತ್ತು. ಆಗಿನ ರಾಜನ ಮುತ್ತಜ್ಜ ಕಲ್ಲಿನ ಅರಮನೆಯಲ್ಲಿ ಚಳಿಗೆ ಹಲ್ಲು ಕಡಿಯುತ್ತ ಮಲಗುತ್ತಿದ್ದ. ಅವನ ರೈತರೋ, ಮರದ ಚೌಕಟ್ಟಿನ ಹುಲ್ಲುಮನೆಗಳಲ್ಲಿ ಬೆಚ್ಚಗೆ ಗೊರಕೆ ಹೊಡೆಯುತ್ತಿದ್ದರು. ಅದನ್ನು ಸಹಿಸಲಾರದೆ ಅವನು ಒಂದೇ ದಿನ ಒಂಬತ್ತು ಮನೆಗಳಿಗೆ ಬೆಂಕಿ ಇಡಿಸಿದ. ಆಮೇಲೆ ಬೂದಿಯ ಮುಂದೆ ಕೂತು ಅತ್ತ. "ಮೊದಲೇ ಯಾರಾದರೂ ನನ್ನ ಬಾಯಿ ಬಿಡಿಸಿದ್ದರೆ ಇಷ್ಟಾಗುತ್ತಿರಲಿಲ್ಲ" ಎಂದ. ಅಂದಿನಿಂದ ಒಂದು ಪದ್ಧತಿ ಬಂತು.

ಆ ರಾಜ್ಯದ ಮನೆಗಳಿಗೆ ಕಬ್ಬಿಣದ ಮೊಳೆ ಇರಲಿಲ್ಲ. ಮರವನ್ನು ಮರಕ್ಕೆ ಕೂರಿಸಿ, ಎರಡಕ್ಕೂ ಸೇರಿಸಿ ಒಂದು ತೂತು ಕೊರೆದು, ಅದಕ್ಕೆ ಮರದ ಬೆಣೆ ಬಡಿಯುತ್ತಿದ್ದರು. ಮನೆ ಕಟ್ಟುವವನು ಕೊನೆಯ ಒಂದು ಬೆಣೆಯನ್ನು ಬಡಿಯದೆ ಉಳಿಸಬೇಕು. ಹೊಸ ಮನೆಯ ಒಕ್ಕಲಿನ ದಿನ ಬಾಗಿಲಲ್ಲಿ ನಿಂತು, "ಈ ಮನೆ ನೋಡಿ ಯಾರ ಹೊಟ್ಟೆ ಉರಿಯುತ್ತಿದೆ?" ಎಂದು ಕೇಳಬೇಕು. ಉರಿಯುವವನು ಮುಂದೆ ಬಂದು, ಯಾಕೆ ಉರಿಯುತ್ತಿದೆ ಎಂದು ಹೇಳಿ, ಆ ಬೆಣೆಯನ್ನು ತಾನೇ ಬಡಿಯಬೇಕು. ಊಟದ ಮೊದಲ ಎಲೆ ಅವನದು. ತನ್ನ ಕೈಯಿಂದ ಬೆಣೆ ಬಡಿದ ಮನೆಯನ್ನು ಯಾರು ತಾನೆ ಕೆಡಿಸುತ್ತಾರೆ?

ಆ ರಾಜ್ಯದ ಹಾಲ್ದೊರೆ ಎಂಬ ಊರಿನಲ್ಲಿ ಇಬ್ಬರು ಬಡಗಿಗಳಿದ್ದರು. ಅಣ್ಣ ಸೋವಣ್ಣ, ತಮ್ಮ ಕೇತ. ಅವರಪ್ಪ ಸಾಯುವ ಮುಂಚೆ ಅಣ್ಣನಿಗೆ ತನ್ನ ಬಾಚಿ ಕೊಟ್ಟ, ತಮ್ಮನಿಗೆ ತನ್ನ ಕೊಡತಿ ಕೊಟ್ಟ. ಬಾಚಿ ಮರವನ್ನು ಸವರಿ ಚೆಂದ ಮಾಡುತ್ತದೆ. ಕೊಡತಿ ಎಂದರೆ ಮರದ ಸುತ್ತಿಗೆ, ಬಡಿಯುವುದಷ್ಟೇ ಅದರ ಕೆಲಸ. ಕೇತನ ಹೊಟ್ಟೆಯೊಳಗೆ ಅವತ್ತೇ ಒಂದು ಕೆಂಡ ಬಿತ್ತು. 'ಕೆತ್ತಿ ಹೊಗಳಿಸಿಕೊಳ್ಳೋದು ಅವನು, ಬಡಿದು ಬೆವರು ಒರೆಸಿಕೊಳ್ಳೋದು ನಾನು' ಎಂದುಕೊಂಡ. ಆಮೇಲೆ ಸೋವಣ್ಣನಿಗೆ ದ್ಯಾವಕ್ಕ ಎಂಬ ಒಳ್ಳೆಯ ಹೆಂಡತಿ ಸಿಕ್ಕಳು. ಕೇತನಿಗೆ ಯಾರೂ ಸಿಗಲಿಲ್ಲ. ಕೆಂಡ ಇನ್ನಷ್ಟು ಕೆಂಪಗಾಯಿತು.

ಒಂದು ದಿನ ಕೇತ ಕಾಡಿನಲ್ಲಿ ಒಂದು ಹೊನ್ನೆ ಮರ ನೋಡಿದ. ಅದು ನೆಟ್ಟಗೆ ಬೆಳೆದು, ನಡುವೆ ಮೊಣಕೈ ಮಡಿಸಿದಂತೆ ಬಾಗಿ, ಮತ್ತೆ ಮೇಲಕ್ಕೆ ಹೋಗಿತ್ತು. ಬೇರೆಯವರು ನೋಡಿದ್ದರೆ ಸೊಟ್ಟ ಮರ ಎಂದು ಬಿಟ್ಟು ಹೋಗುತ್ತಿದ್ದರು. ಕೇತ ಬಡಗಿಯಲ್ಲವೇ, ಅವನ ಕಣ್ಣಿಗೆ ಅದರೊಳಗೆ ಒಂದು ಇಡೀ ಮನೆ ಕಂಡಿತು. ಮರವನ್ನು ಉದ್ದಕ್ಕೆ ಸೀಳಿದರೆ ಒಂದೇ ಅಚ್ಚಿನ ಎರಡು ಬಾಗುಗಂಬ ಸಿಗುತ್ತವೆ. ಅವನ್ನು ಎದುರುಬದುರು ನಿಲ್ಲಿಸಿದರೆ ತಲೆಗಳು ನೆತ್ತಿಯಲ್ಲಿ ಕೂಡುತ್ತವೆ. ನೆತ್ತಿತೊಲೆ, ಜಂತೆ, ಹುಲ್ಲು, ಎಲ್ಲ ಭಾರವನ್ನೂ ಅವೆರಡೇ ನೆಲಕ್ಕೆ ಇಳಿಸುತ್ತವೆ. ಗೋಡೆ ಏನನ್ನೂ ಹೊರಬೇಕಿಲ್ಲ. ಕೇತ ಸಂತೋಷದಿಂದ ಕುಣಿದುಬಿಟ್ಟ. ಮರದ ಬುಡದಲ್ಲಿ ಉಳಿಯಿಂದ ಮೂರು ಗೀರು ಹಾಕಿದ. ಈ ಮರ ನನ್ನದು ಎಂದು ಬಡಗಿಗಳು ಹಾಕುವ ಗುರುತು ಅದು.

ಮನೆಗೆ ಬಂದವನು ಚಳಿಜ್ವರ ಹಿಡಿದು ಒಂದು ತಿಂಗಳು ಮಲಗಿದ. ಎದ್ದು ಹೊರಗೆ ಬಂದು ನೋಡುತ್ತಾನೆ, ಅದೇ ಹೊನ್ನೆ ಮರ ಎರಡು ಸೀಳಾಗಿ ಅಣ್ಣನ ಕಣದಲ್ಲಿ ಬಿದ್ದಿದೆ. ಊರವರು ಸುತ್ತ ನಿಂತು, "ಸೋವಣ್ಣನ ಕಣ್ಣೇ ಕಣ್ಣು ಬಿಡ್ರಪ್ಪ!" ಎನ್ನುತ್ತಿದ್ದಾರೆ. ಕೇತ ಏನೂ ಕೇಳಲಿಲ್ಲ. ಕೇಳಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು, ನಾನೂ ಎದ್ದು ಹೋಗುತ್ತಿದ್ದೆ. ಅವನು ಕೊಡತಿ ತೆಗೆದುಕೊಂಡು ತೆಪ್ಪಗೆ ಅಣ್ಣನ ಜೊತೆ ಕೆಲಸಕ್ಕೆ ನಿಂತ.

ಆ ಮನೆ ಎದ್ದು ನಿಂತ ಚೆಂದ ಏನು ಹೇಳಲಿ! ತೇವ ಹತ್ತದಂತೆ ಪ್ರತಿ ಕಂಬದ ಕೆಳಗೂ ಚಪ್ಪಟೆ ಕಲ್ಲು. ಊರಿಗೆ ಊರೇ ಹಗ್ಗ ಹಿಡಿದು ಎಳೆದು ನಿಲ್ಲಿಸಿದ ಬಾಗುಗಂಬಗಳು. ಕಂಬಗಳ ನಡುವೆ ಬಿದಿರಿನ ತಡಿಕೆ, ತಡಿಕೆಗೆ ಎರಡೂ ಕಡೆ ಮೆತ್ತಿದ ಮಣ್ಣು. ಒಂದು ತುದಿಯಲ್ಲಿ ದನ, ಇನ್ನೊಂದು ತುದಿಯಲ್ಲಿ ಜನ, ನಡುವೆ ಗಾಡಿ ನುಗ್ಗುವಷ್ಟು ಅಗಲದ ಓಣಿ. ಮಾಡಿನ ಮೇಲೆ ಮೊಳದಷ್ಟು ದಪ್ಪ ಹುಲ್ಲು, ಅದರ ಸೂರು ಸೊಂಟದವರೆಗೆ ಇಳಿದಿತ್ತು. ಒಲೆಯ ಹೊಗೆಗೆ ಬೇರೆ ದಾರಿ ಇರಲಿಲ್ಲ. ಅದು ಕಂಬ ತೊಲೆಗಳನ್ನು ಸವರಿ ಹುಲ್ಲಿನೊಳಗಿಂದಲೇ ನುಸುಳಿ ಹೋಗಬೇಕು. ಹಾಗೆ ಹೋದರೇ ಮರಕ್ಕೂ ಹುಲ್ಲಿಗೂ ಹುಳ ಹತ್ತುವುದಿಲ್ಲ. ಬೆಣೆಗಳನ್ನೆಲ್ಲ ಕೇತನೇ ಬಡಿದ. ಪ್ರತಿ ಏಟಿಗೂ ಒಳಗೊಳಗೇ ಬೈದುಕೊಂಡ.

ಒಕ್ಕಲಿನ ದಿನ ರಾಜ ನವಿರರಾಯನೇ ಬಂದ. ಅವನು ಹೊಟ್ಟೆಯುರಿಯಲ್ಲಿ ಮುತ್ತಜ್ಜನ ತಲೆ ಮೇಲೆ ಹೊಡೆದಂಥವನು. ಆಗಲೇ ಹದಿನೇಳು ಮನೆಗಳ ಬೆಣೆ ಬಡಿದು ಹದಿನೇಳು ಕಡೆ ಮೊದಲ ಎಲೆ ಊಟ ಮಾಡಿದ್ದ.

ಸೋವಣ್ಣ ಬಾಗಿಲಲ್ಲಿ ನಿಂತು ಕೇಳಿದ. "ಈ ಮನೆ ನೋಡಿ ಯಾರ ಹೊಟ್ಟೆ ಉರಿಯುತ್ತಿದೆ?"

"ನನ್ನದು! ನನ್ನದು!" ಎಂದು ರಾಜ ಜನರನ್ನು ತಳ್ಳಿಕೊಂಡು ಬಂದ. "ನನ್ನ ಅರಮನೆಯಲ್ಲಿ ಇಷ್ಟು ಬೆಚ್ಚಗಿನ ಒಂದು ಮೂಲೆಯೂ ಇಲ್ಲ. ಸಾಕಪ್ಪ, ಸುತ್ತಿಗೆ ಕೊಡಿ!" ಬಾಗುಗಂಬಗಳು ಕೂಡುವ ಕಡೆ ಅಟ್ಟಣಿಗೆ ಕಟ್ಟಿದ್ದರು. ಹತ್ತಿ ನಿಂತು ಬೆಣೆ ಬಡಿದ. ಬೆಣೆ ಒಳಗೆ ಹೋಯಿತು, ಹಾಗೇ ವಾಪಸ್ಸು ಚಿಮ್ಮಿ ಅವನ ಕಿರೀಟಕ್ಕೆ ಹೊಡೆಯಿತು. ಮತ್ತೆ ಬಡಿದ, ಮತ್ತೆ ಚಿಮ್ಮಿತು. ಜನ ನಗು ತಡೆದುಕೊಂಡರು.

ಊರಿನ ಹಿರಿಯಳು ಬೈರಜ್ಜಿ ನಗಲಿಲ್ಲ. "ಮಹಾಸ್ವಾಮಿಗಿಂತ ಜಾಸ್ತಿ ಉರೀತಿರೋನು ಒಬ್ಬ ಇಲ್ಲೇ ನಿಂತವ್ನೆ, ಬಾಯಿ ಬಿಡ್ತಿಲ್ಲ. ತೂತು ಖಾಲಿ ಬಿಡಬ್ಯಾಡ್ರಪ್ಪ. ಖಾಲಿ ತೂತಿನ ಮ್ಯಾಲೆ ಹುತ್ತದ ರಾಣಿ ಕಣ್ಣು ಬೀಳ್ತದೆ" ಎಂದಳು.

ಯಾರೂ ಕೇತನ ಕಡೆ ನೋಡಲಿಲ್ಲ. ಎಲ್ಲರೂ ಬೇಕೆಂದೇ ಬೇರೆ ಕಡೆ ನೋಡಿದರು. ಸೋವಣ್ಣ ಮಾತ್ರ ನೆಲ ನೋಡುತ್ತ, "ಕೇತಾ, ನೀನ್ ಬಡಿಯಪ್ಪ" ಎಂದ.

ಕೇತನ ಗಂಟಲಿಗೆ ಮಾತು ಬಂದಿತ್ತು. ಆದರೆ ಅಷ್ಟು ಜನರ ಮುಂದೆ ಅಣ್ಣನಿಗಿಂತ ಚಿಕ್ಕವನಾಗಲು ಅವನಿಗೆ ಮನಸ್ಸಾಗಲಿಲ್ಲ. "ನಂಗ್ಯಾಕಣ್ಣ ಹೊಟ್ಟೆಯುರಿ? ಹುಲ್ಲುಮನೆ ತಾನೇ!" ಎಂದು ನಕ್ಕು ಹೊರಟುಬಿಟ್ಟ. ದ್ಯಾವಕ್ಕ ಬಡಿಸಿದ್ದ ಮೊದಲ ಎಲೆಯ ಮುಂದೆ ಯಾರೂ ಕೂರಲಿಲ್ಲ. ಬೆಣೆಯನ್ನು ಗೂಡಿನಲ್ಲಿಟ್ಟರು. ತೂತು ಖಾಲಿ ಉಳಿಯಿತು.

ಊರಾಚೆ ತಾಳೆಮರದಷ್ಟು ಎತ್ತರದ ಒಂದು ಹುತ್ತವಿತ್ತು. ಅದರೊಳಗೆ ಗೆದ್ದಲುಗಳ ರಾಣಿ ಇದ್ದಳು. ಅವಳದು ಹೆಂಗಸಿನ ಮುಖ, ಬೆಳ್ಳಗಿನ ದೊಡ್ಡ ಹೊಟ್ಟೆ, ಎಷ್ಟು ದೂರ ಬೇಕಾದರೂ ಚಾಚುವ ಮೈ. ಹಿಂದೆ ಮೂರು ಕೋಟೆಗಳನ್ನು ಒಳಗಿಂದಲೇ ತಿಂದು ಮುಗಿಸಿದ್ದಳು. ಕೇತ ಆ ದಾರಿಯಲ್ಲಿ ಹೋಗುವಾಗ ಹುತ್ತ ಮಾತಾಡಿತು.

"ಬಾರಪ್ಪ ಕೇತ. ಆ ಮನೆ ನಿನಗೆ ಬೇಕಲ್ಲವೇ?"

ಊರಿಗೆ ಹೇಳದ ಮಾತನ್ನು ಕೇತ ಹುತ್ತಕ್ಕೆ ಹೇಳಿದ. "ಬೇಕು."

"ಹಾಗಾದರೆ ಆ ಮನೆಯ ಒಂದು ಹಿಡಿ ಮಣ್ಣು ತಂದುಕೊಡು. ನಿನ್ನ ಕೈಯಾರೆ ಕೊಟ್ಟರೆ ಮಾತ್ರ ನನಗೆ ಶಕ್ತಿ ಬರುತ್ತದೆ."

ಕೇತ ಹಿಂದಿನ ಗೋಡೆಯಿಂದ ಒಂದು ಹಿಡಿ ಮಣ್ಣು ಕೆರೆದು ತಂದುಕೊಟ್ಟ. ಮರುದಿನ ಬೆಳಿಗ್ಗೆ ಸೋವಣ್ಣನ ಮನೆಯ ಗೋಡೆಗಳೆಲ್ಲ ಪುಡಿಪುಡಿಯಾಗಿ ಉದುರಿಬಿದ್ದವು. ಮನೆ ಮಾತ್ರ ಅಲುಗಲಿಲ್ಲ, ಭಾರ ಹೊತ್ತಿದ್ದು ಗೋಡೆಯಲ್ಲವಲ್ಲ! ಊರವರು ಓಡಿಬಂದರು. ಬಂದವರು ಮರುಗುವುದು ಬಿಟ್ಟು ಬಾಯಿ ತೆರೆದು ನಿಂತರು. ಗೋಡೆ ಮರೆಯಾದ ಮೇಲೆ ಬಾಗುಗಂಬಗಳು ಬುಡದಿಂದ ನೆತ್ತಿಯವರೆಗೆ ಕಾಣುತ್ತಿದ್ದವು. "ನೋಡ್ರೋ, ಗೋಡೆ ಇಲ್ದೆ ನಿಂತದೆ! ಸೋವಣ್ಣ ಮನುಷ್ಯ ಅಲ್ಲ!" ಎಂದರು. ಎಲ್ಲ ಸೇರಿ ಮಣ್ಣು ತುಳಿದು ಮಧ್ಯಾಹ್ನದೊಳಗೆ ಗೋಡೆ ಮೆತ್ತಿ ಮುಗಿಸಿದರು. ಕೇತನೂ ಮಣ್ಣು ತುಳಿಯಬೇಕಾಯಿತು. ಹೊಟ್ಟೆ ಮೊದಲಿನ ಎರಡರಷ್ಟು ಉರಿಯಿತು.

ಕೇತ ಮತ್ತೆ ಹುತ್ತದ ಹತ್ತಿರ ಹೋದ. "ಮನೆ ಬೀಳಲಿಲ್ಲವಲ್ಲ! ಅವನಿಗೆ ಇನ್ನೂ ಜಾಸ್ತಿ ಹೆಸರು ಬಂತು!"

"ಒಂದು ಎಳೆ ಹುಲ್ಲು ತಾ" ಎಂದಳು ರಾಣಿ.

ಕೇತ ಸೂರಿನಿಂದ ಒಂದು ಎಳೆ ಹಿರಿದು ತಂದುಕೊಟ್ಟ. ಮರುದಿನ ಬೆಳಿಗ್ಗೆ ಮಾಡಿನ ಹುಲ್ಲೆಲ್ಲ ಬೆಳ್ಳಕ್ಕಿಗಳಾಗಿ ರೆಕ್ಕೆ ಬಡಿದು ಹಾರಿಹೋಯಿತು. ಜಂತೆಗಳ ಮೇಲೆ ಬರೀ ಆಕಾಶ. ಊರವರು ಮತ್ತೆ ಓಡಿಬಂದರು. ಒಬ್ಬೊಬ್ಬರೂ ಒಂದೊಂದು ಹೊರೆ ಹುಲ್ಲು ತಂದರು. ರಾಜ ತನ್ನ ಕುದುರೆಗಳ ಹುಲ್ಲನ್ನೇ ಗಾಡಿ ತುಂಬಾ ಕಳಿಸಿದ. ಮೊಳದಷ್ಟಿದ್ದ ಹೊದಿಕೆ ಈಗ ಎರಡು ಮೊಳವಾಯಿತು. "ಇನ್ನು ನಲವತ್ತು ವರ್ಷ ಒಂದು ಹನಿ ಒಳಗೆ ಬೀಳಲ್ಲ, ಸೋವಣ್ಣ ಪುಣ್ಯವಂತ" ಎಂದರು. ಕೇತ ಮಾಡಿನ ಮೇಲೆ ಕೂತು ಹುಲ್ಲು ಕಟ್ಟುತ್ತ ಈ ಮಾತು ಕೇಳಿಸಿಕೊಂಡ. ಹೊಟ್ಟೆ ಮೂರರಷ್ಟು ಉರಿಯಿತು. ನನಗೇನೋ ಅವನನ್ನು ನೋಡಿದರೆ ಪಾಪ ಅನ್ನಿಸುತ್ತದೆ, ಕೆಡಿಸಲು ಹೊರಟವನು ಎರಡು ಸಲ ಪುಕ್ಕಟೆ ದುಡಿದ.

ಮೂರನೆಯ ಸಲ ರಾಣಿ ತಲೆಯನ್ನೇ ಹುತ್ತದಿಂದ ಹೊರಗೆ ಹಾಕಿದಳು. "ಬಾಗುಗಂಬದ ಒಂದು ಚಕ್ಕೆ ತಾ. ನಾಳೆ ಮಧ್ಯಾಹ್ನಕ್ಕೆ ನಿನ್ನ ಅಣ್ಣ ಇರುವುದಿಲ್ಲ. ಮನೆ ನಿನ್ನದಾಗುತ್ತದೆ."

'ಅಣ್ಣ ಎಲ್ಲಿಗೆ ಹೋಗುತ್ತಾನೆ?' ಎಂದು ಕೇತ ಕೇಳಲಿಲ್ಲ. ಕೇಳಲು ಹೆದರಿದ. ಉಳಿ ಹಿಡಿದು ಹೋಗಿ ಬಾಗುಗಂಬದ ಮುಂದೆ ಕೂತ. ಅವನ ಕೈ ಏಳಲಿಲ್ಲ. ತಾನೇ ಹುಡುಕಿದ ಮರ, ತಾನೇ ಬೆಣೆ ಬಡಿದು ನಿಲ್ಲಿಸಿದ ಕಂಬ. 'ಬೇಡ, ಹೋಗಿಬಿಡೋಣ' ಎಂದು ಏಳುವಷ್ಟರಲ್ಲಿ ಕಂಬದ ಬುಡದಲ್ಲಿ, ಅಣ್ಣ ಮೊದಲಿನಿಂದಲೂ ಒರಗಿಸಿಟ್ಟಿದ್ದ ಹುಲ್ಲುಕಂತೆಯ ಮರೆಯಲ್ಲಿ ಏನೋ ಕಂಡಿತು. ಕಂತೆ ಸರಿಸಿದ. ಅಲ್ಲಿ ಮೂರು ಗೀರುಗಳಿದ್ದವು. ಸೋವಣ್ಣ ಇಡೀ ಮರವನ್ನು ಬಾಚಿಯಿಂದ ನುಣ್ಣಗೆ ಸವರಿದ್ದ. ಆ ಮೂರು ಗೀರು ಇದ್ದ ಅಂಗೈಯಗಲವನ್ನು ಮಾತ್ರ ಮುಟ್ಟದೆ ಬಿಟ್ಟಿದ್ದ.

"ಗೊತ್ತಿತ್ತು! ಇವನಿಗೆ ಗೊತ್ತಿತ್ತು!" ಎಂದು ಕೇತ ಹಲ್ಲು ಕಡಿದ. ಗೀರಿನ ಪಕ್ಕದಲ್ಲೇ ಉಳಿ ಇಟ್ಟು ಒಂದು ಚಕ್ಕೆ ಎಬ್ಬಿಸಿದ. ಹೋಗಿ ಹುತ್ತಕ್ಕೆ ಎಸೆದ.

ಮರುದಿನ ಹೊತ್ತು ಏರಿದ ಮೇಲೆ ಕೇತ ಮನೆಯ ಹತ್ತಿರ ಬಂದ. ಬಾಗಿಲು ತೆರೆದಿತ್ತು. ಒಲೆಯ ಮೇಲೆ ಅನ್ನದ ಮಡಕೆ ಇತ್ತು, ಬೆಂಕಿ ಆರುತ್ತಿತ್ತು. ಅಣ್ಣನೂ ಇಲ್ಲ, ಅತ್ತಿಗೆಯೂ ಇಲ್ಲ. ಕೇತ ನಡುಮನೆಯಲ್ಲಿ ಕಾಲು ಚಾಚಿ ಕೂತ. 'ಈಗ ಇದು ನನ್ನದು' ಎಂದುಕೊಂಡ. ಸಂತೋಷ ಬರಲಿ ಎಂದು ಕಾದ. ಬರಲಿಲ್ಲ. ಬಂದಿದ್ದು ಒಂದು ಸದ್ದು, ಕರ್ ಕರ್ ಕರ್ ಎಂದು ಮರದೊಳಗಿಂದ.

ಅವನು ಎಡಗಡೆಯ ಬಾಗುಗಂಬಕ್ಕೆ ಕಿವಿ ಇಟ್ಟ. ಒಳಗೆ ಯಾರೋ ಕೆಮ್ಮಿದರು. ಅಣ್ಣನ ಕೆಮ್ಮು! ಬಲಗಡೆಯದಕ್ಕೆ ಕಿವಿ ಇಟ್ಟ. ಅತ್ತಿಗೆಯ ಬಳೆ ಸದ್ದು. ತಲೆ ಎತ್ತಿ ನೋಡಿದರೆ ನೆತ್ತಿಯ ಖಾಲಿ ತೂತಿನೊಳಗಿಂದ ರಾಣಿ ಅರ್ಧ ಮೈ ತೂರಿಸಿ ನಗುತ್ತಿದ್ದಳು. ಉಳಿದರ್ಧ ಮೈ ಹೊಲದ ಮೇಲೆ ಚಾಚಿ ಹುತ್ತದವರೆಗೂ ಇತ್ತು.

"ಅವರು ಮರದಲ್ಲಿದ್ದಾರೆ, ನನ್ನ ಮಕ್ಕಳು ಮರ ತಿನ್ನುತ್ತಿದ್ದಾರೆ" ಎಂದಳು. "ಮಾಡಿನ ನೆರಳು ಅಂಗಳದ ಬಾವಿ ಮುಟ್ಟುವಷ್ಟರಲ್ಲಿ ಒಳಗೆಲ್ಲ ಪೊಳ್ಳು. ಹೊರಗಿನ ಸಿಪ್ಪೆ ನಿನಗೆ. ಮಾತಿನಂತೆ ಮನೆ ನಿನ್ನದೇ."

ಕೇತನಲ್ಲಿ ಬಡಗಿಯ ಬುದ್ಧಿ ಇನ್ನೂ ಉಳಿದಿತ್ತು. ಮೊದಲು ಒಲೆಗೆ ಹಸಿ ಸೌದೆ ತುರುಕಿ ಊದಿದ. ಹೊಗೆ ದಟ್ಟವಾಗಿ ಎದ್ದು ಕಂಬಗಳನ್ನು ಸುತ್ತಿತು. ಕರ್ ಕರ್ ಸದ್ದು ಸ್ವಲ್ಪ ನಿಧಾನವಾಯಿತು. ಆಮೇಲೆ ಬೀದಿಗೆ ಓಡಿ, "ಬನ್ರೋ! ಎಲ್ಲಾರೂ ಬನ್ರೋ! ಬೆಣೆ ಬಡೀತೀನಿ!" ಎಂದು ಕೂಗಿದ. ಊರು ಬಂತು. ಬೆಳ್ಳಕ್ಕಿಗಳ ವಿಚಾರ ತಿಳಿಯಲು ಬಂದಿದ್ದ ರಾಜನೂ ಬಂದ.

ಬೈರಜ್ಜಿ ಬಾಗಿಲಲ್ಲಿ ನಿಂತು ಕೇಳಿದಳು. "ಈ ಮನೆ ನೋಡಿ ಯಾರ ಹೊಟ್ಟೆ ಉರೀತದೆ?"

"ನಂದು" ಎಂದ ಕೇತ. ಅಷ್ಟು ಹೇಳುವುದಕ್ಕೆ ಅವನಿಗೆ ಮೈಯೆಲ್ಲ ಬೆವರಿತು. "ಅಪ್ಪ ಬಾಚಿ ಅವನಿಗೆ ಕೊಟ್ಟಾಗಿಂದ ಉರೀತದೆ. ಈ ಮರ ಮೊದಲು ನೋಡಿದ್ದು ನಾನು, ಗುರುತು ಹಾಕಿದ್ದು ನಾನು. ಅದಕ್ಕೇ ಉರೀತದೆ. ಅತ್ತಿಗೆ ಅವನಿಗೆ ಬಡಿಸೋದು ನೋಡಿದ್ರೂ ಉರೀತದೆ. ಅವತ್ತು ಇಲ್ಲ ಅಂತ ಸುಳ್ಳು ಹೇಳ್ದೆ. ಗೋಡೆ ಬೀಳ್ಸಿದ್ದು ನಾನು. ಹುಲ್ಲು ಹಾರ್ಸಿದ್ದು ನಾನು. ಅವರಿಬ್ಬರನ್ನೂ ಈ ಮರಕ್ಕೆ ಸೇರಿಸಿದ್ದೂ ನಾನೇ."

"ಅಯ್ಯೋ ನಿನ್ ಮನೆ ಹಾಳಾಗ, ಮಣ್ಣು ತುಳ್ದು ತುಳ್ದು ನನ್ ಸೊಂಟ ಹೋಯ್ತಲ್ಲೋ!" ಎಂದು ಒಬ್ಬಳು ಕೂಗಿದಳು. ಬೈರಜ್ಜಿ ಅವಳ ಬಾಯಿ ಮುಚ್ಚಿಸಿದಳು.

ಕೇತ ಅಟ್ಟಣಿಗೆ ಹತ್ತಿ ಬೆಣೆಯನ್ನು ತೂತಿಗೆ ಇಟ್ಟು ಕೊಡತಿ ಬೀಸಿದ. ರಾಣಿ ಬುಸುಗುಟ್ಟಿ ಹಿಂದೆ ಸರಿಯಲು ನೋಡಿದಳು, ಮೈ ತೂತಿನಲ್ಲೇ ಸಿಕ್ಕಿಕೊಂಡಿತು. ಬೆಣೆ ಚಿಮ್ಮಲಿಲ್ಲ. ಒಂದೇಟು, ಎರಡೇಟು, ಮೂರೇಟು. ಅರ್ಧ ಹೋಯಿತು. ಅಲ್ಲಿಗೆ ನಿಂತಿತು. ಮತ್ತೆ ಎಷ್ಟು ಬಡಿದರೂ ಕೂದಲೆಳೆಯಷ್ಟೂ ಸರಿಯಲಿಲ್ಲ. ಹೊರಗೆ ಮಾಡಿನ ನೆರಳು ಬಾವಿಕಟ್ಟೆಯ ಹತ್ತಿರ ಹತ್ತಿರ ಬರುತ್ತಿತ್ತು.

"ಅಜ್ಜೀ, ನಾನು ಎಲ್ಲಾ ಹೇಳ್ಬಿಟ್ಟೆ! ಇನ್ನೇನೂ ಉಳಿದಿಲ್ಲ!" ಎಂದು ಕೇತ ಅತ್ತುಬಿಟ್ಟ.

ಬೈರಜ್ಜಿ ಎಡಗಂಬಕ್ಕೆ ಕಿವಿ ಇಟ್ಟಳು. "ನಿಂದು ಮುಗೀತು ಮಗ. ಇನ್ನೊಬ್ಬಂದು ಬಾಕಿ ಅದೆ" ಎಂದಳು.

ಆಗ ಮರದೊಳಗಿಂದ ಸೋವಣ್ಣನ ದನಿ ಬಂತು. ಅದು ಬಹಳ ಕ್ಷೀಣವಾಗಿತ್ತು, ಆದರೂ ಎಲ್ಲರಿಗೂ ಕೇಳಿಸಿತು.

"ಕೇತಾ, ನನ್ ಹೊಟ್ಟೇನೂ ಉರೀತದೆ ಕಣೋ. ನಿನ್ನ ನೋಡಿ. ಅಪ್ಪ ಕೊಡತಿ ನಿಂಗೆ ಕೊಟ್ಟಾಗ ನಾನು ಹಿತ್ತಲಿಗೆ ಹೋಗಿ ಅತ್ತೆ. ಬಾಚಿ ಮರ ಸವರ್ತದೆ ಅಷ್ಟೇ, ಮನೆ ನಿಲ್ಸೋದು ಕೊಡತಿ. ಕಾಡಲ್ಲಿ ನಿನ್ ಗುರುತು ನೋಡ್ದೆ. ಇಂಥ ಮರ ಇವನ ಕಣ್ಣಿಗೇ ಯಾಕೆ ಬೀಳ್ಬೇಕು ಅನ್ನಿಸ್ತು. ನೀನು ಜ್ವರದಲ್ಲಿ ಮಲಗಿದ್ದಾಗ ಕಡ್ಕೊಂಡ್ ಬಂದೆ. ಆ ಗೀರು ಅಳಿಸೋಕೆ ಬಾಚಿಗೆ ಎರಡೇಟು ಸಾಕಿತ್ತು. ಕೈ ಬರಲಿಲ್ಲ. ಹೇಳೋಕೆ ಬಾಯೂ ಬರಲಿಲ್ಲ. ಈಗ ಬಡಿ."

ಕೇತ ಕಣ್ಣೊರೆಸಿಕೊಂಡು ಕೊಡತಿ ಎತ್ತಿದ. ಒಂದೇ ಒಂದು ಏಟು. ಬೆಣೆ ಟಣ್ ಎಂದು ತೂತಿನೊಳಗೆ ಕೂತಿತು, ಒಂದು ಗೇಣು ಮಾತ್ರ ಹೊರಗೆ ಉಳಿಯಿತು. ರಾಣಿಯ ಮೈ ನಡುವಿಗೆ ಕತ್ತರಿಸಿಹೋಯಿತು. ಒಳಗಿನ ಅರ್ಧ ಹೊಗೆಯಲ್ಲಿ ಒಣಗಿ ಪುಡಿಯಾಯಿತು, ಹೊರಗಿನ ಅರ್ಧ ಬಿಸಿಲಲ್ಲಿ ಒಣಗಿ ಪುಡಿಯಾಯಿತು. ಊರಾಚೆಯ ಹುತ್ತ ಧೊಪ್ಪನೆ ಕುಸಿಯಿತು. ಅದರ ಮಣ್ಣಿನಲ್ಲಿ ಹಳೆಯ ಮೂರು ಕೋಟೆಗಳ ಬಾಗಿಲುಗಳು ಸಿಕ್ಕವು.

ಬಾಗುಗಂಬಗಳಿಂದ ಗಂಡ ಹೆಂಡತಿ ಇಬ್ಬರೂ ಹೊರಗೆ ಹೆಜ್ಜೆ ಇಟ್ಟರು. ತಲೆಗೂದಲ ತುಂಬ ಮರದ ಹೊಟ್ಟು. ದ್ಯಾವಕ್ಕ ಮೊದಲು ನೋಡಿದ್ದು ಒಲೆಯನ್ನು. "ಯಾರಪ್ಪ ಹಸಿ ಸೌದೆ ಹಾಕ್ದೋರು? ಅನ್ನವೆಲ್ಲ ಹೊಗೆ ವಾಸ್ನೆ!" ಎಂದಳು. ಆ ಅನ್ನವನ್ನೇ ಎಲೆಗೆ ಹಾಕಿ, "ಕೇತಪ್ಪ, ಕೂತ್ಕೊ. ಅವತ್ತಿಂದ ನಿನ್ ಎಲೆ ಹಂಗೇ ಅದೆ" ಎಂದಳು. ಕೇತ ಉಂಡ. ಅಷ್ಟು ರುಚಿಯಾದ ಹೊಗೆ ಅನ್ನವನ್ನು ಅವನು ಮತ್ತೆಂದೂ ಉಣ್ಣಲಿಲ್ಲ.

ಸಂಜೆ ಅಣ್ಣ ತಮ್ಮ ಇಬ್ಬರೂ ಹತಾರ ಬದಲಾಯಿಸಿಕೊಂಡರು. ಮರುದಿನ ಸೋವಣ್ಣ ಕೊಡತಿಯಿಂದ ಹೆಬ್ಬೆರಳು ಜಜ್ಜಿಕೊಂಡ. ಕೇತ ಬಾಚಿಯಿಂದ ಒಂದು ಒಳ್ಳೆಯ ಹಲಗೆ ಹಾಳು ಮಾಡಿದ. ಇಬ್ಬರೂ ಅವತ್ತೇ ವಾಪಸ್ಸು ಬದಲಾಯಿಸಿಕೊಂಡರು.

ಮೂರು ವರ್ಷ ಕಳೆದ ಮೇಲೆ ಕೇತನಿಗೂ ಲಗ್ನವಾಯಿತು. ಅವನೂ ಪಕ್ಕದಲ್ಲೇ ಒಂದು ಹುಲ್ಲುಮನೆ ಕಟ್ಟಿದ. ಅದಕ್ಕೆ ಮರ ಹುಡುಕಿ ಗುರುತು ಹಾಕಿ ಬಂದವನು ಸೋವಣ್ಣ. ಒಕ್ಕಲಿನ ದಿನ ಕೇತ ಬಾಗಿಲಲ್ಲಿ ನಿಂತು, "ಈ ಮನೆ ನೋಡಿ ಯಾರ..." ಎನ್ನುವಷ್ಟರಲ್ಲಿ ಸೋವಣ್ಣ ರಾಜನನ್ನೇ ಪಕ್ಕಕ್ಕೆ ತಳ್ಳಿ, "ನಂದು ಕಣೋ! ನಂದೇ ಮೊದ್ಲು!" ಎಂದು ಓಡಿದ. ಬೆಣೆ ಎರಡೇ ಏಟಿಗೆ ಕೂತಿತು.

ಆ ಎರಡು ಮನೆಯವರೂ ಬೇಸಿಗೆಯಲ್ಲಿ ತಂಪಾಗಿ, ಚಳಿಯಲ್ಲಿ ಬೆಚ್ಚಗೆ, ದಿನಾ ಒಬ್ಬರ ಮೇಲೊಬ್ಬರು ಹೊಟ್ಟೆ ಉರಿದುಕೊಂಡು, ಅದನ್ನು ಬಾಯಿಬಿಟ್ಟು ಹೇಳಿಕೊಂಡು, ಬಹಳ ಕಾಲ ಸುಖವಾಗಿ ಬಾಳಿದರು. ರಾಜ ಊಟಕ್ಕೆ ಬಂದಾಗಲೆಲ್ಲ ಅಟ್ಟಣಿಗೆ ಹತ್ತಿ, ಹೊರಗೆ ಉಳಿದ ಆ ಒಂದು ಗೇಣು ಬೆಣೆಗೆ ಕಿರೀಟ ನೇತುಹಾಕುತ್ತಿದ್ದ. ಬೆಳ್ಳಕ್ಕಿಗಳು ಪ್ರತಿ ವರ್ಷ ಬಂದು ಆ ಮಾಡಿನ ಮೇಲೆ ತಮ್ಮದೇ ಮನೆ ಎಂಬಂತೆ ಕೂರುತ್ತಿದ್ದವು.

ಅವರ ಸುಖ ನೆನೆದರೆ ಈ ಕತೆ ಹೇಳುತ್ತಿರುವ ನನಗೂ ಹೊಟ್ಟೆ ಉರಿಯುತ್ತದೆ. ಹೇಳಿಬಿಟ್ಟೆ, ಇನ್ನು ನೆಮ್ಮದಿಯಾಗಿ ಮಲಗುತ್ತೇನೆ.